ಕಿವಿಗೆ ಬಿದ್ದಾಗಲೇ ಹೆಚ್ಚು ನಗು ಏಕೆ?

ಪ್ರಶ್ನೆ: ರೋಲ್ಡ್ ಡಾಲ್ ಅವರ ‘ರಿವೋಲ್ಟಿಂಗ್ ರೈಮ್ಸ್’ ಓದುವುದಕ್ಕಿಂತ ಆಡಿಯೋಬುಕ್‌ನಲ್ಲಿ ಕೇಳಿದಾಗ ಹೆಚ್ಚು ನಗು ಬರುವುದೇಕೆ?

ಉತ್ತರ: 1982ರಲ್ಲಿ ಪ್ರಕಟವಾದ ಈ ಪುಸ್ತಕ ಆರು ಹಳೆಯ ಕಿನ್ನರಕಥೆಗಳನ್ನು ಪ್ರಾಸಬದ್ಧ ದ್ವಿಪದಿಗಳಲ್ಲಿ ತಿರುಚಿ ಹೇಳುತ್ತದೆ. ಮೊದಲ ಸಾಲು ಮುಗಿದೊಡನೆ ಕಿವಿ ಮುಂದಿನ ಪ್ರಾಸಕ್ಕೆ ಕಾಯುತ್ತದೆ; ಆ ಜಾಗದಲ್ಲಿ ಅನಿರೀಕ್ಷಿತ ಕ್ರೌರ್ಯ ಬಂದು ಕೂತಾಗ ನಗು ಉಕ್ಕುತ್ತದೆ. ಪುಟದ ಮೇಲಾದರೆ ಕಣ್ಣು ಮುಂದಿನ ಸಾಲಿಗೆ ಜಾರಿ ಗುಟ್ಟು ಮೊದಲೇ ರಟ್ಟಾಗಬಹುದು. ಕೇಳುವಾಗ ವೇಗ, ವಿರಾಮ ಎರಡೂ ವಾಚಕರ ಹಿಡಿತದಲ್ಲಿರುತ್ತವೆ.

ಕೆಂಪು ಟೋಪಿಯ ಹುಡುಗಿಯ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಜ್ಜಿಯನ್ನು ನುಂಗಿ, ಅವಳ ಬಟ್ಟೆ ತೊಟ್ಟು ಕೂತ ತೋಳಕ್ಕೆ ಹುಡುಗಿ ಹೆದರುವುದಿಲ್ಲ. ಒಳಉಡುಪಿನಿಂದ ಪಿಸ್ತೂಲು ತೆಗೆದು ಹೊಡೆದು, ಮುಂದೆ ಅದರ ತುಪ್ಪಳದ ಕೋಟು ತೊಟ್ಟು ಓಡಾಡುತ್ತಾಳೆ. ಇನ್ನೊಂದು ಕಥೆಯಲ್ಲಿ ಮೂರನೆಯ ಹಂದಿಮರಿ ಫೋನ್ ಮಾಡಿ ಇವಳನ್ನೇ ನೆರವಿಗೆ ಕರೆಯುತ್ತದೆ. ಕೊನೆಗೆ ಅವಳ ಬಳಿ ಎರಡನೆಯ ತೋಳದ ಕೋಟಿನ ಜೊತೆಗೆ ಹಂದಿಚರ್ಮದ ಪೆಟ್ಟಿಗೆಯೂ ಇರುತ್ತದೆ! ವಾಚಕರು ಇದನ್ನು ವಾರ್ತೆ ಓದಿದಷ್ಟು ತಣ್ಣಗೆ ಹೇಳಿದಷ್ಟೂ ಹಾಸ್ಯ ಹರಿತವಾಗುತ್ತದೆ.

ಕಿನ್ನರಕಥೆಗಳಿಗೆ ಕ್ರೌರ್ಯ ಹೊಸದಲ್ಲ. ಗ್ರಿಮ್ ಸಹೋದರರ 1812ರ ಸಂಗ್ರಹದಲ್ಲೇ ಸ್ನೋ ವೈಟ್‌ಗೆ ಕೇಡು ಬಗೆದ ರಾಣಿ ಕಾದ ಕಬ್ಬಿಣದ ಪಾದರಕ್ಷೆ ತೊಟ್ಟು ಕುಣಿಯುತ್ತಲೇ ಸಾಯುತ್ತಾಳೆ. ಅಲ್ಲಿ ಶಿಕ್ಷೆಯಾಗಿದ್ದ ಕ್ರೌರ್ಯವನ್ನು ಡಾಲ್ ತಮಾಷೆಯಾಗಿಸಿದರು.