ಗಾಲ್ಫ್ ಐರನ್ ಖರೀದಿ: ಸಂಖ್ಯೆಯ ಹಿಂದಿರುವ ಕೋನ

ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಅಂದು ಬ್ರಿಟಿಷ್ ಅಧಿಕಾರಿಗಳ ಆಟವಾಗಿದ್ದ ಗಾಲ್ಫ್ ಇಂದು ಉದ್ಯಮಿಗಳ ಆಟವೂ ಆಗಿದೆ. ಕಾರ್ಖಾನೆಗೆ ಉಕ್ಕು ಕೊಳ್ಳುವಾಗ ಪರೀಕ್ಷಾ ವರದಿಯಿಲ್ಲದೆ ಹಣ ಕೊಡದ ಉದ್ಯಮಿಯು ಗಾಲ್ಫ್ ಸಲಕರಣೆಗಳ ಅಂಗಡಿಯಲ್ಲಿ ಮಾತ್ರ ಈ ಎಚ್ಚರವನ್ನು ಮರೆಯುವುದುಂಟು. ಎರಡು ಸೆಟ್‌ಗಳ 7ನೇ ಸಂಖ್ಯೆಯ ಐರನ್‌ಗಳಿಂದ ಚೆಂಡು ಹೊಡೆದು, ಹತ್ತು ಗಜ ಮುಂದೆ ಹೋದದ್ದನ್ನು ಕೊಂಡುಬಿಡುತ್ತಾರೆ. ಹೊಸ ಸೆಟ್ಟಿನ ಬೆಲೆ ಲಕ್ಷ ರೂಪಾಯಿ ದಾಟುವುದು ಈಗ ಅಪರೂಪವಲ್ಲ.

ಐರನ್ ಎಂದರೆ ಲೋಹದ ತೆಳು ತಲೆಯ ಕ್ಲಬ್. ಸಂಖ್ಯೆ ಹೆಚ್ಚಿದಂತೆ ಮುಖದ ಓರೆ ಹೆಚ್ಚುತ್ತದೆ, ಚೆಂಡು ಸಾಗುವ ದೂರ ತಗ್ಗುತ್ತದೆ. ಈ ಓರೆಗೆ ‘ಲಾಫ್ಟ್’ ಎಂದು ಹೆಸರು. ಆದರೆ ಯಾವ ಸಂಖ್ಯೆಗೆ ಎಷ್ಟು ಲಾಫ್ಟ್ ಎಂಬುದಕ್ಕೆ ಮಾನಕವೇ ಇಲ್ಲ. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್‌ಗಳಿರಬಾರದೆಂದು ವಿಧಿಸುವ ಆಟದ ನಿಯಮಗಳು ಈ ವಿಷಯವನ್ನು ತಯಾರಕರಿಗೇ ಬಿಟ್ಟಿವೆ. 1980ರ ದಶಕದಲ್ಲಿ 35 ಡಿಗ್ರಿಯ ಆಸುಪಾಸಿನಲ್ಲಿದ್ದ 7ನೇ ಐರನ್ ಇಂದಿನ ಅನೇಕ ಸೆಟ್‌ಗಳಲ್ಲಿ 30ಕ್ಕಿಂತ ಕೆಳಗಿಳಿದಿದೆ. ಹಳೆಯ 6ನೇ ಐರನ್ನಿಗೆ ಹೊಸ ಅಂಕಿ ಕೊರೆದಂತೆ! ತಲೆಯ ತೂಕವನ್ನು ತಳಕ್ಕೆ ಇಳಿಸಿರುವುದರಿಂದ ಕಡಿಮೆ ಓರೆಯಲ್ಲಿಯೂ ಚೆಂಡು ಸಾಕಷ್ಟು ಎತ್ತರ ಏರುತ್ತದೆ ಎಂಬ ತಯಾರಕರ ಸಮರ್ಥನೆಯಲ್ಲಿ ಹುರುಳಿದೆ. ತೊಂದರೆ ಕಾಣಿಸಿಕೊಳ್ಳುವುದು ಸೆಟ್ಟಿನ ಇನ್ನೊಂದು ತುದಿಯಲ್ಲಿ. ಹಿಂದೆ 48 ಡಿಗ್ರಿಯಷ್ಟಿದ್ದ ಪಿಚಿಂಗ್ ವೆಜ್ ಇಂಥ ಸೆಟ್‌ಗಳಲ್ಲಿ 43–44ಕ್ಕೆ ಬಂದು ನಿಂತಿದೆ. ಮರಳುಗುಂಡಿಯಿಂದ ಚೆಂಡು ಎತ್ತುವ ಸ್ಯಾಂಡ್ ವೆಜ್ ಮಾತ್ರ 56ರ ಸುಮಾರಿನಲ್ಲಿಯೇ ಉಳಿದಿದೆ. ಕ್ಲಬ್‌ನಿಂದ ಕ್ಲಬ್‌ಗೆ ನಾಲ್ಕೈದು ಡಿಗ್ರಿ ಅಂತರವಿರಬೇಕಾದಲ್ಲಿ ಹನ್ನೆರಡು ಡಿಗ್ರಿಯ ಕಂದಕ. ಅದನ್ನು ತುಂಬಲು ಬೇಕಾದ ಗ್ಯಾಪ್ ವೆಜ್ಜನ್ನು ಹಲವು ಸೆಟ್‌ಗಳಲ್ಲಿ ಪ್ರತ್ಯೇಕ ಬೆಲೆಗೆ ಮಾರಲಾಗುತ್ತದೆ.

ಇನ್ನು ತಲೆಯ ವಿನ್ಯಾಸ. ನಾರ್ವೆಯಲ್ಲಿ ಹುಟ್ಟಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್‌ಹೈಮ್ 1959ರಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲಿ ಪಟರ್ ತಯಾರಿಸಿದರು. 1967ರಲ್ಲಿ ನೌಕರಿ ತೊರೆದು ‘ಪಿಂಗ್’ ಉದ್ಯಮಕ್ಕೇ ಇಳಿದರು. ತೂಕವನ್ನು ನಡುವಿನಿಂದ ತೆಗೆದು ಅಂಚುಗಳಿಗೆ ಹಂಚಿದರೆ, ಹೊಡೆತ ನಡುಬಿಂದುವಿನಿಂದ ತಪ್ಪಿದರೂ ತಲೆ ಹೆಚ್ಚು ತಿರುಚಿಕೊಳ್ಳದು ಎಂಬುದು ಅವರ ತತ್ತ್ವ. ಬೆನ್ನಿನಲ್ಲಿ ಗುಳಿಯಿರುವ ಇಂಥ ಆಕಾರಕ್ಕೆ ಮೇಣದ ಅಚ್ಚಿನ ಎರಕ ಬಹಳ ಅನುಕೂಲವಾಯಿತು. ಬೆಳಗಾವಿ, ಶಿವಮೊಗ್ಗಗಳ ಎರಕದ ಉದ್ಯಮಿಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ‘ಫೋರ್ಜ್ಡ್’ ಎಂಬ ಪದಕ್ಕೆ ಅಂಗಡಿಯಲ್ಲಿ ವಿಶೇಷ ಮರ್ಯಾದೆ. ಹ್ಯಾಂಡಿಕ್ಯಾಪ್ 20ರಿಂದ 14ಕ್ಕೆ ಇಳಿಯಿತೆಂದರೆ ಆಟಗಾರರ ಕಣ್ಣು ವೃತ್ತಿಪರರ ತೆಳು ಬ್ಲೇಡುಗಳತ್ತ ಹೊರಳುತ್ತದೆ. ಇದು ಅವಸರ. ತಪ್ಪು ಹೊಡೆತವನ್ನು ಮನ್ನಿಸುವುದು ತಲೆಯ ಆಕಾರವೇ ಹೊರತು ತಯಾರಿಕೆಯ ವಿಧಾನವಲ್ಲ; ಬಡಿದು ರೂಪಿಸಿದ ಗುಳಿಬೆನ್ನಿನ ಐರನ್‌ಗಳೂ ಇವೆ. ಸುಧಾರಿಸುತ್ತಿರುವ ಆಟಗಾರರಿಗೆ ಮಧ್ಯಮ ಅಗಲದ ತಳ, ಗುಳಿಬೆನ್ನು, 31–33 ಡಿಗ್ರಿಯ 7ನೇ ಐರನ್ ಇರುವ ಸೆಟ್ ಹೆಚ್ಚು ಕಾಲ ಬಾಳುತ್ತದೆ. ಮೆದು ಕಾರ್ಬನ್ ಉಕ್ಕಿನ ಫೋರ್ಜಿಂಗ್‌ನಲ್ಲಿ ನಿಜವಾದ ಅನುಕೂಲವೊಂದಿದೆ: ಕಾಲಕ್ರಮೇಣ ಬದಲಾದ ಕೋನವನ್ನು ಬಗ್ಗಿಸಿ ಸರಿಪಡಿಸುವುದು ಸುಲಭ.

ಹಿಡಿಕೆಯ ದಂಡ, ಅಂದರೆ ಶಾಫ್ಟ್, ಉಕ್ಕಿನದಾದರೆ ಸುಮಾರು 90ರಿಂದ 130 ಗ್ರಾಂ ತೂಗುತ್ತದೆ. ಗ್ರಾಫೈಟ್ ಇನ್ನೂ ಹಗುರ. ಹದಿನೆಂಟು ಗುಂಡಿಗಳ ಆಟದ ಕೊನೆಗೆ ತೋಳು ಸೋಲುವವರು ಭಾರದ ಶಾಫ್ಟನ್ನು ಪ್ರತಿಷ್ಠೆಗಾಗಿ ಕೊಳ್ಳಬಾರದು. ತಳಕ್ಕೆ ಟೇಪು ಅಂಟಿಸಿ ಗಟ್ಟಿ ಹಲಗೆಯ ಮೇಲಿಂದ ಹೊಡೆದು ನೋಡುವುದೂ ಅವಶ್ಯ. ಗುರುತು ಹಿಮ್ಮಡಿಯ ಕಡೆ ಬಿದ್ದರೆ ಕ್ಲಬ್ ಅತಿಯಾಗಿ ನೆಟ್ಟಗಿದೆ, ಬಲಗೈ ಆಟಗಾರರ ಚೆಂಡು ಎಡಕ್ಕೆ ಸರಿಯುತ್ತದೆ.

ಬೆಲೆ ಚೌಕಾಸಿಗೆ ಮೊದಲು ಅಂಗಡಿಯವರಿಂದ ಕೇಳಿ ಪಡೆಯಬೇಕಾದದ್ದು ಸೆಟ್ಟಿನ ಲಾಫ್ಟ್ ಪಟ್ಟಿ, ಗ್ಯಾಪ್ ವೆಜ್ಜಿನ ಬೆಲೆ.