ಸರ್ವೆ ಆಗಿದೆ ಅಂದರೆ ಆಸ್ಬೆಸ್ಟಾಸ್ ಇಲ್ಲ ಅಂತಲೇ?

1980ರ ವಸತಿ ಕಾಯ್ದೆ ಬಂದ ಮೇಲೆ ಬ್ರಿಟನ್ನಿನ ಸ್ಥಳೀಯ ಆಡಳಿತಗಳಾದ ಕೌನ್ಸಿಲ್‌ಗಳು ತಮ್ಮ ಮನೆಗಳನ್ನು ಬಾಡಿಗೆದಾರರಿಗೆ ರಿಯಾಯಿತಿಯಲ್ಲಿ ಮಾರಿದವು. ಈಗ ಬಡವರಿಗೆ ಕೊಡಲು ಮನೆ ಸಾಲದೆ, ಅವುಗಳಲ್ಲಿ ಕೆಲವನ್ನು ಮಾರುಕಟ್ಟೆ ದರಕ್ಕೆ ಮರಳಿ ಕೊಳ್ಳುತ್ತಿವೆ. ಹಳೆಯ ಫ್ಲ್ಯಾಟಿನ ಜೊತೆ ಹಳೆಯ ಆಸ್ಬೆಸ್ಟಾಸೂ ಕೈಗೆ ಬರುತ್ತದೆ, ಅದರ ಬಗೆಗಿನ ತಪ್ಪು ಕಲ್ಪನೆಗಳೂ ಬರುತ್ತವೆ.

ಕಲ್ಪನೆ: ಆಸ್ಬೆಸ್ಟಾಸ್ ಎಂದರೆ ಛಾವಣಿಯ ಶೀಟು.

ಶೀಟಿನ ಮನೆಗಳನ್ನು ನೋಡಿ ಬೆಳೆದ ನಮಗೆ ಹಾಗನ್ನಿಸುವುದು ಸಹಜ. ಬ್ರಿಟನ್ನಿನ ಹಳೆಯ ಫ್ಲ್ಯಾಟುಗಳಲ್ಲಿ ಅದು ಒಳಛಾವಣಿಯ ಉಬ್ಬುತಗ್ಗಿನ ಲೇಪನದಲ್ಲಿ, ನೆಲದ ವಿನೈಲ್ ಟೈಲಿನಲ್ಲಿ, ಬಿಸಿನೀರಿನ ಪೈಪಿನ ಸುತ್ತುಹೊದಿಕೆಯಲ್ಲಿ ಅಡಗಿರುತ್ತದೆ. ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ. ಆಸ್ಬೆಸ್ಟಾಸಿನಲ್ಲಿ ಬಿಳಿ ಬಗೆಯದು ನಿರಪಾಯಕಾರಿ ಎನ್ನುವ ಮಾತೂ ಸುಳ್ಳು. ನೀಲಿ, ಕಂದು ಬಗೆಗಳನ್ನು 1985ರಲ್ಲಿ ನಿಷೇಧಿಸಿದ ಬ್ರಿಟನ್, 1999ರಲ್ಲಿ ಬಿಳಿಯದನ್ನೂ ನಿಷೇಧಿಸಿತು.

ಕಲ್ಪನೆ: ಮಾರಾಟಕ್ಕೆ ಮುನ್ನ ಆಸ್ಬೆಸ್ಟಾಸ್ ತಪಾಸಣೆ ಕಡ್ಡಾಯ.

ಫ್ರಾನ್ಸಿನಲ್ಲಿ ಹೌದು. 1997ರ ಜುಲೈಗೆ ಮೊದಲು ಪರವಾನಗಿ ಪಡೆದ ಕಟ್ಟಡವನ್ನು ಮಾರುವವರು ವರದಿ ಕೊಡಲೇಬೇಕು. ಇಂಗ್ಲೆಂಡಿನಲ್ಲಿ ಅಂಥ ಕಟ್ಟಳೆ ಇಲ್ಲ. 2012ರ ಆಸ್ಬೆಸ್ಟಾಸ್ ನಿಯಮಗಳಲ್ಲಿನ ನಿರ್ವಹಣೆಯ ಹೊಣೆ ಮೆಟ್ಟಿಲು, ಮೊಗಸಾಲೆ, ಲಿಫ್ಟ್ ಗುಂಡಿಯಂಥ ಹಂಚಿಕೆಯ ಜಾಗಗಳಿಗೆ ಅನ್ವಯಿಸುತ್ತದೆ, ಫ್ಲ್ಯಾಟಿನ ಬಾಗಿಲೊಳಗೆ ಕಾಲಿಡುವುದಿಲ್ಲ.

ಕಲ್ಪನೆ: ಸರ್ವೆಯಲ್ಲಿ ಏನೂ ಸಿಗಲಿಲ್ಲ, ಇನ್ನು ಚಿಂತೆಯಿಲ್ಲ.

ಎಡವುವುದು ಇಲ್ಲೇ. ಈ ತಪಾಸಣೆಯಲ್ಲಿ, ಅಂದರೆ ಸರ್ವೆಯಲ್ಲಿ, ಎರಡು ಬಗೆ. ಮೊದಲನೆಯದು ನಿರ್ವಹಣಾ ಸರ್ವೆ: ದಿನಬಳಕೆಯಲ್ಲಿ ಕೈತಾಗುವಂಥ ಕಡೆ ನೋಡುತ್ತಾರೆ. ಸಂಶಯ ಬಂದಲ್ಲಿ ಒದ್ದೆ ಮಾಡಿ, ಉಗುರಿನಷ್ಟು ಚೂರು ಕೆತ್ತಿ, ಎರಡು ಚೀಲದೊಳಗೆ ಹಾಕಿ, ತೂತು ಮುಚ್ಚಿ, ಚೂರನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಗೋಡೆ ಒಡೆಯುವುದಿಲ್ಲ, ನೆಲ ಕೀಳುವುದಿಲ್ಲ. ಎರಡನೆಯದು ನವೀಕರಣಕ್ಕೆ ಮುನ್ನ ಮಾಡುವಂಥದ್ದು. ಇದರಲ್ಲಿ ಕೆಲಸ ನಡೆಯುವ ಜಾಗವನ್ನೆಲ್ಲ ಬಿಚ್ಚಿ ನೋಡಲೇಬೇಕು.

ಮಾರುವವರು ಇನ್ನೂ ಒಳಗೇ ಸಂಸಾರ ಮಾಡಿಕೊಂಡಿರುವಾಗ ಗೋಡೆ ಬಗೆಯಲು ಯಾರು ತಾನೇ ಬಿಟ್ಟಾರು? ಹೀಗಾಗಿ, ಕಟ್ಟಳೆ ಇಲ್ಲದಿದ್ದರೂ ಕೌನ್ಸಿಲ್ ಸರ್ವೆ ಮಾಡಿಸಿದರೆ, ಕೊಳ್ಳುವಾಗ ಕೈಗೆ ಸಿಗುವುದು ಬಹುಮಟ್ಟಿಗೆ ಮೊದಲ ಬಗೆಯ ವರದಿಯೇ. ಅದರಲ್ಲಿ ಮೊದಲು ಓದಬೇಕಾದ್ದು, ನನ್ನ ಮಟ್ಟಿಗೆ, 'ಇಲ್ಲಿಗೆ ಪ್ರವೇಶ ಸಿಗಲಿಲ್ಲ' ಎಂಬ ಪಟ್ಟಿ. ಆ ಜಾಗಗಳಲ್ಲಿ ಆಸ್ಬೆಸ್ಟಾಸ್ ಇದೆ ಎಂದೇ ಭಾವಿಸಿ ಹೆಜ್ಜೆಯಿಡಬೇಕೆಂಬುದು ಸರ್ವೆಯ ನಿಯಮ. ಅಡುಗೆಮನೆ ಹೊಸದು ಮಾಡಲು ಬಂದ ಬಡಗಿಗೆ, ಪ್ಲಂಬರನಿಗೆ ಆ ಪಟ್ಟಿ ತಲುಪದಿದ್ದರೆ ವರದಿ ಇದ್ದೂ ಇಲ್ಲದಂತೆ. ಡ್ರಿಲ್ ಹಿಡಿಯುವವರು ಅವರು, ದೂಳು ಕುಡಿಯುವವರೂ ಅವರೇ. ಆ ದೂಳಿನಿಂದ ಬರುವ ಕಾಯಿಲೆ ತಲೆಯೆತ್ತುವುದು ದಶಕಗಳ ಮೇಲೆ. ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಸಂಬಂಧಿ ಕಾಯಿಲೆಗಳಿಗೆ ಈಗಲೂ ವರ್ಷಕ್ಕೆ ಸುಮಾರು 5,000 ಮಂದಿ ಬಲಿಯಾಗುತ್ತಿದ್ದಾರೆ.

ಕಲ್ಪನೆ: ಆಸ್ಬೆಸ್ಟಾಸ್ ಸಿಕ್ಕಿತೋ, ಆ ಮನೆ ಕೊಳ್ಳಲೇಬಾರದು.

ಗಟ್ಟಿಯಾಗಿ, ಮುಕ್ಕಾಗದೆ ಇರುವುದನ್ನು ಕೆದಕದೆ ಬಿಟ್ಟು, ಗುರುತು ಹಾಕಿ, ಆಗಾಗ ನೋಡಿಕೊಳ್ಳುವುದೇ ಅಲ್ಲಿನ ಅಧಿಕೃತ ಸಲಹೆ. ಅಪಾಯವಿರುವುದು ಗಾಳಿಗೆ ಹಾರುವ ನಾರಿನಲ್ಲಿ. ಕೌನ್ಸಿಲ್ ಕೇಳಬೇಕಾದ ಪ್ರಶ್ನೆ ಬೇರೆ: ಮನೆ ಖಾಲಿಯಾದ ಮೇಲೆ ಎರಡನೇ ಸರ್ವೆಗೂ, ಸಿಕ್ಕಿದ್ದನ್ನು ತೆಗೆಸುವುದಕ್ಕೂ ಬೇಕಾದ ಹಣವನ್ನು ಬೆಲೆ ಕುದುರಿಸುವಾಗಲೇ ಲೆಕ್ಕಕ್ಕೆ ಹಿಡಿದಿದೆಯೇ?