ಎಳೆಯ ಮಕ್ಕಳೊಡನೆ ಪರದೇಶ ಪ್ರಯಾಣ

ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯರು ಈಗ ಎಲ್ಲೆಲ್ಲಿ ಇರುವರೆಂದು ಯಾರಾದರೂ ಕೇಳಿದರೆ ಉತ್ತರ ಕೊಡುವದಕ್ಕೆ ಭೂಪಟವನ್ನೇ ಬಿಚ್ಚಬೇಕಾದೀತು. ಮಸ್ಕತ್ತು, ದೋಹಾ, ಲಂಡನು, ಮೆಲ್ಬೋರ್ನು ಎಂಬ ಹೆಸರುಗಳನ್ನು ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿದವರು ಇಂದು ಅದೇ ಊರುಗಳಲ್ಲಿ ಸಂಸಾರ ನಡಿಸುತ್ತಿದ್ದಾರೆ. ರಜೆ ಬಂದಿತೆಂದರೆ ಇವರು ಊರಿಗೆ ಬರುವರು. ಇಲ್ಲವೆ ಇಲ್ಲಿಯ ಅಜ್ಜ ಅಜ್ಜಿಯರು ಅಲ್ಲಿಗೆ ಹೋಗುವರು. ಅನೇಕ ಸಲ ಗಂಡನಿಗೆ ರಜೆ ದೊರೆಯದೆ, ತಾಯಿಯೊಬ್ಬಳೇ ಕಂಕುಳಲ್ಲಿ ಒಂದು ಕೂಸನ್ನೂ ಕೈಯಲ್ಲಿ ಒಂದು ಮಗುವನ್ನೂ ಹಿಡಿದುಕೊಂಡು ನಡುರಾತ್ರಿಯಲ್ಲಿ ವಿಮಾನ ಹತ್ತಬೇಕಾಗುವದು. ಅಂಥವಳ ಧೈರ್ಯವು ಅವಳ ಸ್ವಭಾವಕ್ಕಿಂತಲೂ ಹೆಚ್ಚಾಗಿ ಅವಳ ಸಿದ್ಧತೆಯನ್ನೇ ಹೊಂದಿಕೊಂಡಿರುವದೆಂದು ನಾವು ಅನುಭವದಿಂದ ಕಲಿತೆವು. ಆದಕಾರಣ ಈ ಕೆಲವು ಮಾತುಗಳನ್ನು ಬರೆಯುತ್ತೇವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಮ್ಮ ಹಿರಿಯರು ನಗೆಯಾಡಿದರು. ಆದರೆ ಪ್ರಯಾಣದ ವಿಷಯದಲ್ಲಿ ಮೊದಲು ಹೊಲಿದ ಕುಲಾವಿಯೇ ಸಮಯಕ್ಕೆ ಒದಗುವದು.

ಕಾಗದಪತ್ರಗಳು

ಮೊದಲನೆಯದಾಗಿ ಕಾಗದಪತ್ರಗಳ ವಿಚಾರ. ಹಿಂದಿನ ಕಾಲದಲ್ಲಿ ಮಕ್ಕಳ ಹೆಸರನ್ನು ತಾಯಿ ಅಥವಾ ತಂದೆಯ ಪಾಸ್‌ಪೋರ್ಟಿನಲ್ಲಿಯೇ ಬರೆಯುವ ಪದ್ಧತಿಯಿತ್ತು. ಈಗ ಹಾಗಿಲ್ಲ, ಹುಟ್ಟಿದ ಕೂಸಿಗೂ ಅದರದೇ ಪಾಸ್‌ಪೋರ್ಟು ಬೇಕು. ದೊಡ್ಡವರ ಪಾಸ್‌ಪೋರ್ಟು ೧೦ ವರ್ಷ ನಡೆಯುವದಾದರೆ ಎಳೆಯ ಮಕ್ಕಳದು ೫ ವರ್ಷ ಮಾತ್ರ ನಡೆಯುವದು. ಇಲ್ಲಿಯೇ ಅನೇಕರು ಎಡವುತ್ತಾರೆ. ತಮ್ಮ ಪುಸ್ತಕವನ್ನು ನೋಡಿ, ಇನ್ನೂ ಬೇಕಾದಷ್ಟು ಕಾಲವಿದೆಯೆಂದು ಸುಮ್ಮನಿರುವರು. ಮಗುವಿನದು ಮುಗಿಯುತ್ತಾ ಬಂದಿರುವದು ಗೊತ್ತಾಗುವದಿಲ್ಲ. ಅದಲ್ಲದೆ ಅನೇಕ ದೇಶಗಳವರು, ಒಳಗೆ ಬರುವ ದಿನದಿಂದ ಕಡಿಮೆಯೆಂದರೆ ೬ ತಿಂಗಳ ಅವಧಿಯಾದರೂ ಉಳಿದಿರಬೇಕೆಂದು ಕೇಳುವರು. ಆದಕಾರಣ ಟಿಕೇಟು ಕೊಳ್ಳುವ ಮುಂಚೆಯೇ ಎಲ್ಲರ ಪುಸ್ತಕಗಳನ್ನೂ ಮೇಜಿನ ಮೇಲಿಟ್ಟು ತಾರೀಖುಗಳನ್ನು ಓದತಕ್ಕದ್ದು.

ಮಗುವಿನ ಪಾಸ್‌ಪೋರ್ಟಿಗೆ ತಾಯಿತಂದೆ ಇಬ್ಬರ ಒಪ್ಪಿಗೆಯೂ ಬೇಕು. ೪ ವರ್ಷಕ್ಕಿಂತ ಎಳೆಯ ಮಗುವಾದರೆ ಬಿಳಿಯ ಹಿನ್ನೆಲೆಯ ಭಾವಚಿತ್ರವನ್ನು ನಾವೇ ತೆಗೆಯಿಸಿಕೊಂಡು ಹೋಗತಕ್ಕದ್ದು. ೨೦೨೩ನೆಯ ಅಕ್ಟೋಬರ್ ೧ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಹುಟ್ಟಿದ ತಾರೀಖಿಗೆ ಆಧಾರ. ಆದಕಾರಣ ಅದರಲ್ಲಿ ಮಗುವಿನ ಹೆಸರೂ ತಾಯಿತಂದೆಗಳ ಹೆಸರೂ ಅಕ್ಷರ ತಪ್ಪದೆ ಇರುವವೋ ಎಂದು ಮೊದಲೇ ನೋಡಿಕೊಳ್ಳಬೇಕು. ಪರದೇಶದಲ್ಲಿ ಹುಟ್ಟಿ ಅಲ್ಲಿಯ ಪಾಸ್‌ಪೋರ್ಟನ್ನು ಹೊಂದಿದ ಮಕ್ಕಳು ಅಜ್ಜಿಯ ಮನೆಗೆ ಬರುವದಾದರೂ ವೀಸಾ ಅಥವಾ ಒ.ಸಿ.ಐ. ಕಾರ್ಡು ಬೇಕೆಂಬದನ್ನು ಮರೆಯಬಾರದು.

ತಾಯಿಯೊಬ್ಬಳೇ ಅಥವಾ ಅಜ್ಜಿಯು ಮಗುವನ್ನು ಕರಕೊಂಡು ಹೋಗುವದಾದರೆ, ಜತೆಯಲ್ಲಿಲ್ಲದವರು ಒಪ್ಪಿಗೆಯ ಪತ್ರವನ್ನು ಬರೆದು ನೋಟರಿಯ ಮುಂದೆ ಸಹಿ ಹಾಕಿ ಕೊಡುವದು ಕ್ಷೇಮ. ಮಗುವಿನ ಹೆಸರಿನ ಕೊನೆಯೂ ತಾಯಿಯ ಹೆಸರಿನ ಕೊನೆಯೂ ಬೇರೆ ಬೇರೆಯಾಗಿರುವದು ನಮ್ಮ ಸೀಮೆಯಲ್ಲಿ ಸಾಧಾರಣ. ಪರದೇಶದ ಅಧಿಕಾರಿಗೆ ಅದು ಅರ್ಥವಾಗದು. ಮಕ್ಕಳ ಕಳವನ್ನು ತಡೆಯುವದು ಅವನ ಕರ್ತವ್ಯವಾಗಿರುವದರಿಂದ ಅವನು ಕೇಳುವ ಪ್ರಶ್ನೆಗೆ ಸಿಟ್ಟಾಗದೆ, ಜನನ ಪ್ರಮಾಣಪತ್ರದ ಪ್ರತಿಯನ್ನೂ ಒಪ್ಪಿಗೆಯ ಪತ್ರವನ್ನೂ ತೋರಿಸಿದರೆ ಸಾಕು.

ಇನ್ನೊಂದು ಮಾತು. ೨ ವರ್ಷ ತುಂಬದ ಕೂಸು ತಾಯಿಯ ತೊಡೆಯ ಮೇಲೆ ಕಡಿಮೆ ವೆಚ್ಚದಲ್ಲಿ ಪ್ರಯಾಣ ಮಾಡಬಹುದು. ಆದರೆ ಹೋಗಿ ಬರುವದರೊಳಗೆ ಎರಡನೆಯ ಹುಟ್ಟುಹಬ್ಬವು ಬಂದರೆ ತಿರುಗಿ ಬರುವಾಗ ಬೇರೆ ಆಸನವನ್ನು ಕೊಳ್ಳಬೇಕಾಗುವದು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವದು ಒಳ್ಳೇದು.

ವೈದ್ಯರ ಭೇಟಿ

ಹೊರಡುವದಕ್ಕೆ ಆರು ವಾರ ಮುಂಚೆಯೇ ಮಗುವನ್ನು ವೈದ್ಯರಿಗೆ ತೋರಿಸತಕ್ಕದ್ದು. ಯಾಕಂದರೆ ಚುಚ್ಚುಮದ್ದು ಹಾಕಿದ ಕೂಡಲೆ ರಕ್ಷಣೆ ಬರುವದಿಲ್ಲ. ದಡಾರದ ಲಸಿಕೆಯು ನಮ್ಮ ದೇಶದಲ್ಲಿ ೯ ತಿಂಗಳು ತುಂಬಿದ ಮೇಲೆ ಕೊಡಲ್ಪಡುತ್ತದೆ. ಪರದೇಶಕ್ಕೆ ಹೋಗುವ ಕೂಸಾದರೆ ೬ ತಿಂಗಳು ತುಂಬಿದ ಮೇಲೆ ಒಂದು ಹೆಚ್ಚಿನ ಲಸಿಕೆಯನ್ನು ವೈದ್ಯರು ಸೂಚಿಸಬಹುದು. ಅದು ಹಿಡಿಯುವದಕ್ಕೆ ಸುಮಾರು ಎರಡು ವಾರ ಬೇಕು. ಆಫ್ರಿಕ ಖಂಡದ ಕೀನ್ಯ ಮೊದಲಾದ ದೇಶಗಳಿಗೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಅವಶ್ಯ. ಅದರ ಪ್ರಮಾಣಪತ್ರವು ಲಸಿಕೆ ಹಾಕಿಸಿದ ೧೦ ದಿವಸಗಳ ಮೇಲೆ ಊರ್ಜಿತವಾಗುವದು; ೨೦೧೬ನೆಯ ಜುಲೈ ತಿಂಗಳಿನಿಂದ ಅದು ಜೀವಮಾನವೆಲ್ಲಾ ನಡೆಯುವದು. ಆ ಪತ್ರವಿಲ್ಲದೆ ತಿರುಗಿ ಬಂದವರನ್ನು ನಮ್ಮ ದೇಶದಲ್ಲಿ ಪ್ರತ್ಯೇಕವಾಗಿ ಇರಿಸಬಹುದು. ೯ ತಿಂಗಳಿಗಿಂತ ಎಳೆಯ ಕೂಸಿಗೆ ಈ ಲಸಿಕೆಯನ್ನು ಸಾಧಾರಣವಾಗಿ ಹಾಕುವದಿಲ್ಲವಾದಕಾರಣ, ಅಂಥ ಕೂಸನ್ನು ಕರಕೊಂಡು ಹೋಗುವದೋ ಬಿಡುವದೋ ಎಂದು ವೈದ್ಯರೊಡನೆ ಆಲೋಚಿಸಬೇಕು.

ಜ್ವರದ ಔಷಧದ ವಿಷಯದಲ್ಲಿ ತಾಯಂದಿರು ಬಹಳ ಎಚ್ಚರವಾಗಿರಬೇಕು. ಪ್ಯಾರಸಿಟಮಾಲ್ ಎಂಬ ಮದ್ದು ನಮ್ಮ ಅಂಗಡಿಗಳಲ್ಲಿ ಹನಿಯ ರೂಪದಲ್ಲಿ ೧ ಮಿಲಿಲೀಟರಿಗೆ ೧೦೦ ಮಿಲಿಗ್ರಾಮಿನಂತೆಯೂ, ಪಾನಕದ ರೂಪದಲ್ಲಿ ೫ ಮಿಲಿಲೀಟರಿಗೆ ೧೨೦ ಅಥವಾ ೨೫೦ ಮಿಲಿಗ್ರಾಮಿನಂತೆಯೂ ದೊರೆಯುವದು. ಅಮೇರಿಕದಲ್ಲಿ ೫ ಮಿಲಿಲೀಟರಿಗೆ ೧೬೦. ಚಮಚವು ಒಂದೇ ಆದರೂ ಮದ್ದು ಒಂದೇ ಅಲ್ಲ. ಹನಿಯ ಸೀಸೆಯಿಂದ ಪಾನಕದ ಅಳತೆಯಲ್ಲಿ ಕೊಟ್ಟರೆ ಕೂಸಿಗೆ ನಾಲ್ಕು ಪಾಲು ಹೆಚ್ಚಾದೀತು. ಆದಕಾರಣ ಮಗುವನ್ನು ತೂಗಿಸಿ, ಆ ತೂಕಕ್ಕೆ ಎಷ್ಟು ಮಿಲಿಗ್ರಾಮೆಂದು ವೈದ್ಯರಿಂದ ಬರೆಯಿಸಿಕೊಂಡು, ಆ ಚೀಟಿಯನ್ನು ಸೀಸೆಯ ಜತೆಯಲ್ಲಿಯೇ ಇಡತಕ್ಕದ್ದು.

ಇದರ ಸಂಗಡ ಬಾಯಿಯ ಮೂಲಕ ಕೊಡುವ ಲವಣದ ಪುಡಿಯ ಪೊಟ್ಟಣಗಳು, ಜ್ವರಮಾಪಕ, ಮಗುವು ದಿನಾಲು ಸೇವಿಸುವ ಮದ್ದು ಇವಿಷ್ಟಿದ್ದರೆ ಸಾಕು. ಮದ್ದುಗಳು ಅವುಗಳ ಮೂಲ ಸೀಸೆಯಲ್ಲಿಯೇ ಇರಲಿ, ವೈದ್ಯರ ಚೀಟಿ ಜತೆಯಲ್ಲಿರಲಿ. ಕೊಡೀನ್, ಟ್ರಮಡಾಲ್ ಎಂಬ ದ್ರವ್ಯಗಳು ಸೇರಿದ ಕೆಮ್ಮಿನ ಅಥವಾ ನೋವಿನ ಮದ್ದುಗಳನ್ನು ಅರಬ್ ಸಂಯುಕ್ತ ಸಂಸ್ಥಾನಗಳಿಗೆ ಮುಂಗಡ ಅನುಮತಿಯಿಲ್ಲದೆ ಒಯ್ದರೆ ಅಪರಾಧವಾಗುವದು.

ಕೈಚೀಲ

ನಮಗೆ ಒಮ್ಮೆ ಸಂಭವಿಸಿದ್ದನ್ನು ಇಲ್ಲಿ ಹೇಳುವದು ಉಚಿತ. ಡಿಸೆಂಬರ್ ತಿಂಗಳ ಒಂದು ಮುಂಜಾನೆ ನಾವು ಎರಡೂವರೆ ವರ್ಷದ ಮಗುವಿನೊಡನೆ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹೊರಡುವವರಾಗಿದ್ದೆವು. ಕೈ ಹಗುರವಾಗಿರಲೆಂದು ಮಗುವಿನ ಬಟ್ಟೆಗಳನ್ನೂ ಮದ್ದನ್ನೂ ದೊಡ್ಡ ಪೆಟ್ಟಿಗೆಯಲ್ಲಿ ತುಂಬಿ ವಿಮಾನದವರಿಗೆ ಒಪ್ಪಿಸಿಬಿಟ್ಟೆವು. ಆ ಮೇಲೆ ಮಂಜು ಮುಸುಕಿತು. ಆರು ತಾಸು ಕಳೆದರೂ ವಿಮಾನ ಏಳಲಿಲ್ಲ. ಅಷ್ಟರೊಳಗೆ ಮಗುವಿಗೆ ಜ್ವರ ಬಂದಿತು. ಎರಡು ಸಲ ವಾಂತಿಯೂ ಆಯಿತು. ಉಟ್ಟ ಬಟ್ಟೆಯ ಹೊರತು ಬೇರೆ ಬಟ್ಟೆಯಿಲ್ಲ. ನಮ್ಮ ಪೆಟ್ಟಿಗೆಯು ಗಾಜಿನ ಆಚೆಯಲ್ಲಿ ನಿಂತಿದ್ದ ಅದೇ ವಿಮಾನದ ಹೊಟ್ಟೆಯಲ್ಲಿತ್ತು. ಕಣ್ಣಿಗೆ ಹತ್ತಿರ, ಕೈಗೆ ದೂರ. ಮಗುವನ್ನು ಶಾಲಿನಲ್ಲಿ ಸುತ್ತಿ, ಅಲ್ಲಿಯ ವೈದ್ಯಶಾಲೆಗೆ ಎತ್ತಿಕೊಂಡು ಓಡಿದೆವು. ಅಪರಿಚಿತಳಾದ ಒಬ್ಬ ತಾಯಿಯು ತನ್ನ ಕೂಸಿನ ಅಂಗಿಯೊಂದನ್ನು ಬಿಚ್ಚುಮನಸ್ಸಿನಿಂದ ಕೊಟ್ಟಳು. ತಪ್ಪು ಮಂಜಿನದಲ್ಲ, ವಿಮಾನದವರದೂ ಅಲ್ಲ, ನಮ್ಮದೇ. ಅಂದಿನಿಂದ ನಾವು ಒಂದು ನಿಯಮವನ್ನು ಪಾಲಿಸುತ್ತಾ ಬಂದಿದ್ದೇವೆ: ದೊಡ್ಡ ಪೆಟ್ಟಿಗೆಯು ಎರಡು ದಿವಸ ಸಿಕ್ಕದಿದ್ದರೂ ಮಗುವಿಗೆ ಕೊರತೆಯಾಗದಷ್ಟು ಸಾಮಾನು ಕೈಚೀಲದಲ್ಲಿರಬೇಕು.

ಆ ಚೀಲದಲ್ಲಿ ಇರತಕ್ಕವು ಯಾವವೆಂದರೆ: ಪ್ರತಿ ಮಗುವಿಗೆ ಎರಡು ಜತೆ ಬಟ್ಟೆ, ತಾಯಿಗೂ ಒಂದು ಅಂಗಿ, ಯಾಕಂದರೆ ವಾಂತಿಯು ಮಗುವಿನ ಮೇಲೆಯೇ ಬೀಳುವದೆಂದು ಕರಾರಿಲ್ಲ, ಎರಡು ಮೂರು ತಾಸಿಗೆ ಒಂದರಂತೆ ಎಣಿಸಿ, ಮೇಲೆ ಐದಾರು ಹೆಚ್ಚಾಗಿ ಇಟ್ಟ ಶಿಶುವಸ್ತ್ರಗಳು, ಒದ್ದೆ ಬಟ್ಟೆ ಹಾಕಲಿಕ್ಕೆ ಚೀಲ, ಮದ್ದು, ಒಣ ತಿಂಡಿ, ಹಳೆಯ ಮೆತ್ತನೆಯ ಸೀರೆಯ ತುಂಡು. ಈ ಕಡೆಯದನ್ನು ನಗಬೇಡಿರಿ. ಅದು ಹೊದಿಕೆಯಾಗುವದು, ಹಾಲೂಡುವಾಗ ಮರೆಯಾಗುವದು. ಮನೆಯ ವಾಸನೆಯಿರುವದರಿಂದ ಪರಸ್ಥಳದಲ್ಲಿ ಅಳುವ ಕೂಸಿಗೆ ಸಮಾಧಾನವಾಗುವದು.

ಕೈಚೀಲದಲ್ಲಿ ದ್ರವಪದಾರ್ಥಗಳನ್ನು ೧೦೦ ಮಿಲಿಲೀಟರಿಗಿಂತ ದೊಡ್ಡ ಸೀಸೆಯಲ್ಲಿ ಒಯ್ಯಲು ಸಾಧಾರಣವಾಗಿ ಬಿಡುವದಿಲ್ಲ. ಆದರೆ ಕೂಸಿನ ಹಾಲಿಗೂ ಆಹಾರಕ್ಕೂ ಮದ್ದಿಗೂ ಪ್ರಯಾಣಕ್ಕೆ ಬೇಕಾಗುವಷ್ಟು ವಿನಾಯಿತಿಯಿದೆ. ಅವುಗಳನ್ನು ಬೇರೆಯಾಗಿ ತೆಗೆದು ತೋರಿಸತಕ್ಕದ್ದು. ಪುಡಿಹಾಲನ್ನು ಮೊದಲೇ ಕಲಸಿಕೊಂಡು ಹೋಗುವದಕ್ಕಿಂತ, ಅಳತೆ ಮಾಡಿದ ಪುಡಿಯನ್ನು ಒಯ್ದು ವಿಮಾನದಲ್ಲಿ ಬಿಸಿನೀರು ಕೇಳಿ ಕಲಸಿ, ತಣಿಸಿ, ಎರಡು ತಾಸಿನೊಳಗೆ ಕುಡಿಸುವದು ಮೇಲು. ಮೊಬೈಲಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕು ಕೈಚೀಲದಲ್ಲಿಯೇ ಇರಬೇಕು, ಪೆಟ್ಟಿಗೆಯಲ್ಲಿ ಇಡಕೂಡದು; ಅದಕ್ಕೆ ಬೆಂಕಿ ಹೊತ್ತಿದರೆ ಮನುಷ್ಯರ ಕೈಗೆ ಸಿಕ್ಕುವ ಸ್ಥಳದಲ್ಲಿರಬೇಕೆಂಬದೇ ಕಾರಣ.

ಒಯ್ಯಬಾರದವು

ಹೊರಡುವ ದಿನ ಅಜ್ಜಿಯರು ಪ್ರೀತಿಯಿಂದ ಕಟ್ಟಿಕೊಡುವ ಗಂಟುಗಳನ್ನು ಬೇಡವೆನ್ನುವದು ಕಷ್ಟ. ಆದರೂ ಕೆಲವನ್ನು ಬಿಡಲೇಬೇಕು. ಒಣಕೊಬ್ಬರಿಯು ಎಣ್ಣೆಯಿಂದ ತುಂಬಿರುವದರಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದೆಂದು ವಿಮಾನದ ನಿಯಮಗಳಲ್ಲಿ ಅಪಾಯಕರ ವಸ್ತುವಾಗಿ ಎಣಿಸಲ್ಪಟ್ಟಿದೆ. ಗಸಗಸೆಯು ನಮಗೆ ಪಾಯಸದ ಸಾಮಾನು. ಅರಬ್ ಸಂಯುಕ್ತ ಸಂಸ್ಥಾನಗಳಲ್ಲಿಯೂ ಸೌದಿ ಅರೇಬಿಯದಲ್ಲಿಯೂ ಅದು ಅಫೀಮಿನ ಗಿಡದ ಬೀಜವೆಂದು ನಿಷಿದ್ಧ. ಒಂದು ಪೊಟ್ಟಣ ಗಸಗಸೆಯಿಂದ ಒಂದು ಸಂಸಾರವು ಸಂಕಟಕ್ಕೆ ಸಿಕ್ಕಬಹುದು. ಐರೋಪ್ಯ ಒಕ್ಕೂಟದ ದೇಶಗಳಿಗೆ ಹಾಲಿನ ಪದಾರ್ಥಗಳನ್ನು ಒಯ್ಯಕೂಡದಾದಕಾರಣ ಧಾರವಾಡದ ಪೇಡೆಯನ್ನು ಇಲ್ಲಿಯೇ ತಿಂದು ಹೋಗುವದು ಲೇಸು. ಕೂಸಿನ ಪುಡಿಹಾಲಿಗೆ ಮಾತ್ರ ಡಬ್ಬಿಯ ಮೊಹರು ಒಡೆಯದೆ ೨ ಕಿಲೋಗ್ರಾಮಿನ ವರೆಗೆ ಅನುಮತಿಯಿದೆ. ಆಸ್ತ್ರೇಲಿಯಕ್ಕೆ ಹೋಗುವವರು ತಮ್ಮಲ್ಲಿರುವ ತಿಂಡಿಯನ್ನೆಲ್ಲಾ ಕಾಗದದಲ್ಲಿ ಬರೆದು ತಿಳಿಸತಕ್ಕದ್ದು. ತಿಳಿಸಿದರೆ ಹೆಚ್ಚೆಂದರೆ ತಿಂಡಿ ಹೋದೀತು. ಬಚ್ಚಿಟ್ಟರೆ ದಂಡ ಬಿದ್ದೀತು.

ವಿಮಾನದೊಳಗೆ

ಹಾರುವ ವಿಮಾನದೊಳಗಿನ ಗಾಳಿಯು ೬,೦೦೦ದಿಂದ ೮,೦೦೦ ಅಡಿ ಎತ್ತರದ ಬೆಟ್ಟದ ಗಾಳಿಯಷ್ಟು ತೆಳುವಾಗಿರುವದು. ಅಂದರೆ ನಾವು ಉದಕಮಂಡಲದಲ್ಲಿ ಕೂತಂತೆಯೇ. ಅದು ಬಹಳ ಒಣ ಗಾಳಿಯೂ ಹೌದು. ಆದಕಾರಣ ಮಗುವಿಗೆ ಆಗಾಗ್ಗೆ ಹಾಲನ್ನೋ ನೀರನ್ನೋ ಕೊಡುತ್ತಿರಬೇಕು. ಆರು ತಿಂಗಳೊಳಗಿನ ಕೂಸಿಗೆ ಹಾಲೇ ಸಾಕು. ವಿಮಾನವು ಇಳಿಯುವಾಗ ಗಾಳಿಯ ಒತ್ತಡವು ಹೆಚ್ಚುತ್ತಾ ಬರುವದು. ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ನಾಳವು ಮಕ್ಕಳಲ್ಲಿ ಇಕ್ಕಟ್ಟಾಗಿರುವದರಿಂದ ಅವರಿಗೆ ಕಿವಿನೋವು ಬರುವದು. ನುಂಗಿದರೆ ನಾಳವು ತೆರೆಯುವದು. ಆದಕಾರಣ ಕೂಸಿನ ಒಂದು ಹಾಲನ್ನು ಇಳಿಯುವ ಹೊತ್ತಿಗೆ ಉಳಿಸಿಕೊಳ್ಳಬೇಕು. ದೊಡ್ಡ ಮಗುವಿಗೆ ನೀರು ಗುಟುಕರಿಸಲು ಹೇಳಬೇಕು. ನೆಗಡಿಯಿದ್ದ ಮಗುವಿಗೆ ನೋವು ಹೆಚ್ಚು. ಹೊರಡುವ ಮುಂಚೆ ವೈದ್ಯರನ್ನು ಕೇಳತಕ್ಕದ್ದು. ಮಗುವು ಮಲಗಲೆಂದು ನಿದ್ದೆಯ ಮದ್ದನ್ನು ಕೊಡುವದು ಕೆಲವರ ರೂಢಿ. ಇದು ಸಲ್ಲದು. ಉಸಿರಿಗೆ ತೊಡಕಾಗಬಹುದು, ಕೆಲವು ಮಕ್ಕಳು ಮಲಗುವದಕ್ಕೆ ಬದಲಾಗಿ ಮತ್ತಷ್ಟು ಕೆರಳುವದೂ ಉಂಟು.

ಲಂಡನಿನ ಗಡಿಯಾರವು ಚಳಿಗಾಲದಲ್ಲಿ ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ. ದೇಹದ ಗಡಿಯಾರವು ದಿನಕ್ಕೆ ಸುಮಾರು ಒಂದು ತಾಸಿನಂತೆ ಹೊಂದಿಕೊಳ್ಳುವದು. ಆದಕಾರಣ ಮಕ್ಕಳು ನಸುಕಿನ ಮೂರಕ್ಕೆ ಎದ್ದು ಊಟ ಕೇಳಿದರೆ ಅದು ಹಟವಲ್ಲ. ಹಗಲಿನಲ್ಲಿ ಬಿಸಿಲಿಗೆ ಕರಕೊಂಡು ಹೋಗಿ, ಅಲ್ಲಿಯ ಹೊತ್ತಿಗೆ ಸರಿಯಾಗಿ ಊಟ ಕೊಟ್ಟರೆ ನಾಲ್ಕೈದು ದಿವಸಗಳಲ್ಲಿ ಸರಿಹೋಗುವದು. ಆ ದಿನಗಳಿಗೆ ಭೇಟಿಗಳನ್ನೂ ಔತಣಗಳನ್ನೂ ಇಟ್ಟುಕೊಳ್ಳದಿರುವದು ಮಕ್ಕಳಿಗೆ ಮಾಡುವ ದೊಡ್ಡ ಉಪಕಾರ.

ಮಕ್ಕಳ ಮನಸ್ಸಿನ ಸಿದ್ಧತೆ

ಪೆಟ್ಟಿಗೆಯನ್ನು ಸಿದ್ಧಮಾಡುವಷ್ಟು ಜಾಗ್ರತೆಯಿಂದ ನಾವು ಮಗುವನ್ನು ಸಿದ್ಧಮಾಡುವದಿಲ್ಲ. ಒಂದು ವಾರ ಮುಂಚಿನಿಂದಲೇ ಕಥೆಯಂತೆ ಹೇಳುತ್ತಾ ಬರಬೇಕು: ಸಾಲಿನಲ್ಲಿ ನಿಲ್ಲುವೆವು, ಚೀಲವು ಯಂತ್ರದೊಳಗೆ ಹೋಗಿ ಬರುವದು, ಗೊಂಬೆಯೂ ಹೋಗಿ ಬರುವದು, ಯಾರೂ ಅದನ್ನು ಕಸಕೊಳ್ಳುವದಿಲ್ಲ, ಎಂದು. ಮೂರು ವರ್ಷದ ಮಗುವಿಗೂ ಹೊರಲಿಕ್ಕೆ ಒಂದು ಸಣ್ಣ ಚೀಲವಿರಲಿ. ಹೊರೆಯನ್ನು ಹೊತ್ತವರಿಗೆ ಪ್ರಯಾಣವು ತಮ್ಮದೆನಿಸುವದು. ಜೇಬಿನೊಳಗೆ ತಾಯಿತಂದೆಗಳ ಹೆಸರೂ ದೂರವಾಣಿಯ ಸಂಖ್ಯೆಯೂ ಬರೆದ ಚೀಟಿಯಿರಲಿ. ದಾರಿ ತಪ್ಪಿದರೆ ಓಡಾಡದೆ ನಿಂತಲ್ಲಿಯೇ ನಿಲ್ಲಬೇಕೆಂದೂ, ಸಮವಸ್ತ್ರ ಧರಿಸಿದವರಿಗೆ ಚೀಟಿಯನ್ನು ತೋರಿಸಬೇಕೆಂದೂ ಕಲಿಸಿ, ಮನೆಯಲ್ಲಿಯೇ ಆಟವಾಗಿ ಆಡಿಸಿ ನೋಡಬೇಕು.

ನಿಯಮಗಳು ಆಗಾಗ್ಗೆ ಬದಲಾಗುವವು. ಆದಕಾರಣ ಹೊರಡುವ ಮುಂಚೆ ವಿಮಾನದವರನ್ನೂ ಹೋಗತಕ್ಕ ದೇಶದ ರಾಯಭಾರಿ ಕಚೇರಿಯವರನ್ನೂ ವಿಚಾರಿಸಿ ನಿಶ್ಚಯಿಸಿಕೊಳ್ಳತಕ್ಕದ್ದು. ಅಂದು ಮಂಜಿನ ಮುಂಜಾನೆಯಲ್ಲಿ ಅಂಗಿ ಕೊಟ್ಟ ಆ ತಾಯಿಯ ಹೆಸರನ್ನು ಕೇಳುವದಕ್ಕೂ ನಮಗೆ ಆಗ ತೋಚಲಿಲ್ಲ. ಅವಳ ಋಣವನ್ನು ತೀರಿಸುವ ದಾರಿ ನಮಗೆ ಒಂದೇ ಕಂಡಿದೆ. ಪ್ರತಿ ಪ್ರಯಾಣದಲ್ಲಿಯೂ ನಮ್ಮ ಕೈಚೀಲದಲ್ಲಿ ಒಂದು ಅಂಗಿಯನ್ನು ಹೆಚ್ಚಾಗಿ ಇಡುತ್ತೇವೆ. ಅದು ನಮ್ಮ ಮಗುವಿಗಲ್ಲ. ಯಾವ ತಾಯಿಯು ತನ್ನ ಪೆಟ್ಟಿಗೆಯನ್ನು ಗಾಜಿನ ಆಚೆಯಲ್ಲಿ ನೋಡುತ್ತಾ ನಿಂತಿರುವಳೋ, ಅವಳ ಮಗುವಿಗೆ. ನಮ್ಮ ಸಹೋದರಿಯರೂ ಹಾಗೆಯೇ ಮಾಡಬೇಕೆಂದು ಬೇಡಿಕೊಳ್ಳುತ್ತೇವೆ.